ಗೋಧಿ ಹೊಲದ ನಡುವೆ ಕಾಲುವೆ ಹಿಡಿದು ಹೋಗಿ

ಪ್ರಶ್ನೆ: ನನಗೆ 54 ವರ್ಷ, ಹೆಂಡತಿಗೆ 50. ಧಾರವಾಡದಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆ ಕಡೆಗೆ ಎರಡು ಸಲ ಸೈಕಲ್ ಮೇಲೆ ಹೋಗಿ ಬಂದಿದ್ದೇವೆ. ಮಗಳು ಸ್ಪೇನಿನ ವಯಾದೊಲಿದ್‌ನಲ್ಲಿ ಓದುತ್ತಿದ್ದಾಳೆ. ಮುಂದಿನ ಮೇ ತಿಂಗಳಲ್ಲಿ ಅಲ್ಲಿಗೆ ಹೋದಾಗ ಒಂದು ವಾರ ಸೈಕಲ್ ಮೇಲೆ ಬಯಲು ಸೀಮೆಯ ಹಳೇ ಹಳ್ಳಿಗಳನ್ನು ನೋಡುವ ಆಸೆಯಿದೆ. ಬುರ್ಗೋಸ್‌ನಿಂದ ಲೆಯೋನ್‌ವರೆಗೆ ಯಾತ್ರಿಕರ ದಾರಿ ಹಿಡಿಯಿರಿ ಎಂದು ಕೆಲವರು ಹೇಳುತ್ತಾರೆ. ಆ ಬಯಲಿನಲ್ಲಿ ಏನೂ ಇಲ್ಲ, ಬಸ್ಸು ಹತ್ತಿ ದಾಟಿಬಿಡಿ ಎನ್ನುವವರೂ ಇದ್ದಾರೆ. ದೊಡ್ಡ ಏರು ನಮ್ಮಿಂದಾಗದು. ಲಾರಿ ಓಡುವ ರಸ್ತೆ ಎಂದರೆ ನನ್ನಾಕೆಗೆ ಭಯ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತದೆ. ಯಾವ ದಾರಿ ಹಿಡಿಯಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಯಾತ್ರಿಕರ ದಾರಿ ಬೇಡ, ಕಾಲುವೆಯ ದಾರಿ ಹಿಡಿಯಿರಿ. ನಿಮ್ಮ ಮಗಳಿರುವ ಊರಿಗೇ ಒಂದು ಕವಲು ಬಂದು ಮುಟ್ಟುವ ಹಳೇ ಕಾಲುವೆಯೊಂದಿದೆ. ಹೆಸರು ಕಾನಾಲ್ ದೆ ಕಾಸ್ತಿಯಾ. ಏರಿಲ್ಲ, ಲಾರಿಯಿಲ್ಲ, ಊರಿಂದ ಊರಿಗೆ ಅದೇ ಕರೆದುಕೊಂಡು ಹೋಗುತ್ತದೆ. ನಾನು ಆ ಬಯಲಿಗೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ ಯಾತ್ರಿಕರ ದಾರಿಯಲ್ಲಿ, ಆಮೇಲೆ ಎರಡೂ ಸಲ ಕಾಲುವೆಯ ಪಕ್ಕದಲ್ಲಿ.

ಯಾತ್ರಿಕರ ದಾರಿ ಕೆಟ್ಟದ್ದು ಎನ್ನುತ್ತಿಲ್ಲ. ಸ್ಪೇನಿನ ವಾಯವ್ಯ ಮೂಲೆಯ ಯಾತ್ರಾಸ್ಥಳ ಸಾಂತಿಯಾಗೋಗೆ ಹೋಗುವ ಆ ಕಮೀನೋ, ಅಂದರೆ ದಾರಿ, ನೂರಾರು ವರ್ಷಗಳಿಂದ ಜನ ಕಾಲಿಟ್ಟು ಸವೆಸಿದ ದಾರಿ. 1993ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆದರೆ ಅದು ನಡೆಯುವವರ ದಾರಿ. ಮೇ ತಿಂಗಳಲ್ಲಿ ಬೆಳಗಿನಿಂದಲೇ ಜನ ಸಾಲುಗಟ್ಟಿ ನಡೆಯುತ್ತಿರುತ್ತಾರೆ. ನೀವು ಐದೈದು ನಿಮಿಷಕ್ಕೆ ಗಂಟೆ ಬಾರಿಸುತ್ತಾ, ಕ್ಷಮೆ ಕೇಳುತ್ತಾ ಹೋಗಬೇಕು. ಕಾಸ್ತ್ರೋಹೆರಿಸ್ ದಾಟಿದ ಕೂಡಲೇ ಮೊಸ್ತೆಲಾರೆಸ್ ಎಂಬ ದಿಬ್ಬ ಬರುತ್ತದೆ. ಒಂದು ಕಿ.ಮೀ.ನಷ್ಟು ದೂರ 12 ಪರ್ಸೆಂಟ್ ಏರು. ಸಾಮಾನು ಹೇರಿದ ಸೈಕಲ್ಲನ್ನು ಅಲ್ಲಿ ತಳ್ಳಿಕೊಂಡೇ ಹೋಗಬೇಕಾಗುತ್ತದೆ. ಕರಿಯೋನ್ ಎಂಬ ಊರು ಬಿಟ್ಟ ಮೇಲೆ 17 ಕಿ.ಮೀ.ವರೆಗೆ ಒಂದೂ ಹಳ್ಳಿಯಿಲ್ಲ. ಯಾತ್ರಿಕರ ತಂಗುಮನೆಗಳಲ್ಲಿ ನಡೆದು ಬಂದವರಿಗೆ ಮೊದಲು ಹಾಸಿಗೆ, ಸೈಕಲ್‌ನವರಿಗೆ ಆಮೇಲೆ. ಸಾಂತಿಯಾಗೋದ ಪ್ರಮಾಣಪತ್ರ ಬೇಕಾದರೆ ಸೈಕಲ್‌ನವರು ಕೊನೆಯ 200 ಕಿ.ಮೀ. ತುಳಿದಿರಬೇಕು. ನಿಮಗೆ ಬೇಕಿರುವುದು ಪತ್ರ ಅಲ್ಲ, ಹಳ್ಳಿ. ಅಲ್ವಾ?

ಬಯಲಿನಲ್ಲಿ ಏನೂ ಇಲ್ಲ ಎಂಬ ಮಾತಿಗೂ ಇಲ್ಲೇ ಉತ್ತರ ಕೊಡುತ್ತೇನೆ. ಸ್ಪೇನಿನ ನಡುಭಾಗ ಮೆಸೆತಾ ಎಂಬ ದೊಡ್ಡ ಪ್ರಸ್ಥಭೂಮಿ. ಅದರ ಉತ್ತರ ಭಾಗದಲ್ಲಿ ಸಮುದ್ರಮಟ್ಟದಿಂದ 700–850 ಮೀಟರ್ ಎತ್ತರದಲ್ಲಿ, ಗೋಧಿ ಮತ್ತು ಬಾರ್ಲಿ ಬೆಳೆಯುವ ಸೀಮೆಯೊಂದಿದೆ. ಹೆಸರು ತಿಯೆರ್ರಾ ದೆ ಕಾಂಪೋಸ್, ಅಂದರೆ ಹೊಲಗಳ ನಾಡು. ಕಲ್ಲು, ಮರ ಎರಡೂ ಕಡಿಮೆ. ಹಾಗಾಗಿ ಜನ ಮಣ್ಣಿಗೆ ಹುಲ್ಲು ಕಲಸಿ, ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯಲ್ಲಿ ಮನೆ ಕಟ್ಟಿದರು. ದೂರದಿಂದ ನೋಡಿದರೆ ಊರು ಯಾವುದು, ಹೊಲ ಯಾವುದು ಗೊತ್ತಾಗುವುದಿಲ್ಲ, ಎರಡರದ್ದೂ ಒಂದೇ ಬಣ್ಣ. ಚರ್ಚಿನ ಗೋಪುರ ಕಂಡಾಗ ಮಾತ್ರ ಓಹ್, ಊರು ಬಂತು ಅನಿಸುತ್ತದೆ. ಗೋಪುರದ ಮೇಲೆ ಕೊಕ್ಕರೆ ಗೂಡು ಇದ್ದೇ ಇರುತ್ತದೆ. ಅವು ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಸದ್ದು ಮಾಡುವುದು ಕೆಳಗೆ ಚೌಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಬಸ್ಸಿನಲ್ಲಿ ದಾಟಿದವರಿಗೆ ಇದು ಸಿಗುವುದಿಲ್ಲ.

ಈಗ ಕಾಲುವೆಯ ಕತೆ ಸ್ವಲ್ಪ ಕೇಳಿ. ಇದು ಗೊತ್ತಿದ್ದರೆ ದಾರಿ ಇನ್ನಷ್ಟು ಹಿಡಿಸುತ್ತದೆ. ಈ ಸೀಮೆಯಲ್ಲಿ ಗೋಧಿ ಹೇರಳ, ಆದರೆ ಸಾಗಿಸುವ ದಾರಿ ಇರಲಿಲ್ಲ. ಉತ್ತರಕ್ಕೆ ಬೆಟ್ಟಸಾಲು, ಅದರಾಚೆ ಸಾಂತಾಂದೆರ್ ಬಂದರು. ಗೋಧಿಯನ್ನು ದೋಣಿಯಲ್ಲಿ ಸಾಗಿಸಬೇಕು ಎಂದು 1753ರಲ್ಲಿ ಅಗೆಯಲು ಶುರು ಮಾಡಿದರು. ಯುದ್ಧ, ಹಣದ ಕೊರತೆ ಎಂದು ನಿಂತು ನಿಂತು, ಮುಗಿದದ್ದು 1849ರಲ್ಲಿ. ಬೆಟ್ಟ ದಾಟಿಸಲು ಆಗಲೇ ಇಲ್ಲ. ಆದರೂ 207 ಕಿ.ಮೀ. ಕಾಲುವೆ, 49 ಲಾಕ್‌ಗಳು, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲಿನ ತೊಟ್ಟಿಗಳು, ಎದ್ದು ನಿಂತವು. ಕಾಲುವೆಯ ಎರಡೂ ದಂಡೆಯಲ್ಲಿ ಹೇಸರಗತ್ತೆಗಳು ಹಗ್ಗ ಕಟ್ಟಿಕೊಂಡು ದೋಣಿ ಎಳೆಯುತ್ತಾ ನಡೆಯುತ್ತಿದ್ದವು. ಹತ್ತೇ ಹನ್ನೆರಡು ವರ್ಷ ಜೋರಾಗಿ ನಡೆಯಿತು. ಅಷ್ಟರಲ್ಲಿ ರೈಲು ಬಂತು, ಗೋಧಿ ರೈಲು ಹತ್ತಿತು. 1959ರಲ್ಲಿ ದೋಣಿ ಸಾಗಾಟ ಪೂರ್ತಿ ನಿಂತಿತು. ಈಗ ಅದೇ ನೀರು ಹೊಲಕ್ಕೂ ಊರಿನ ನಲ್ಲಿಗೂ ಹೋಗುತ್ತದೆ. ನೀವು ಸೈಕಲ್ ತುಳಿಯುವುದು ಆ ಹೇಸರಗತ್ತೆಗಳ ದಾರಿಯಲ್ಲೇ. ಭಾರ ಎಳೆಯುವ ಪ್ರಾಣಿಗಾಗಿ ಮಾಡಿದ ದಾರಿ, ಅದಕ್ಕೇ ಏರಿಲ್ಲ. ಅಲ್ಲಲ್ಲಿ ಎತ್ತರದ ಪಾಪ್ಲರ್ ಮರಗಳ ಸಾಲು. ಆ ಬಯಲಿನಲ್ಲಿ ಇಷ್ಟು ನೆರಳು ಬೇರೆಲ್ಲೂ ಸಿಗುವುದಿಲ್ಲ.

ವಯಾದೊಲಿದ್‌ನಿಂದ ಸಾಂತಾಂದೆರ್ ಕಡೆಗೆ ಹೋಗುವ ಮಾಮೂಲಿ ರೈಲು ಹತ್ತಿ, ಅಲಾರ್ ದೆಲ್ ರೇ ಎಂಬ ಪುಟ್ಟ ಊರಿನಲ್ಲಿ ಇಳಿಯಿರಿ. ಕಾಲುವೆ ಹುಟ್ಟುವುದೇ ಅಲ್ಲಿ. ಈ ರೈಲುಗಳಲ್ಲಿ ಸೈಕಲ್ ಹಾಗೇ ಒಯ್ಯಬಹುದು, ಆದರೆ ಜಾಗ ಕೆಲವೇ ಸೈಕಲ್‌ಗಳಿಗೆ. ಟಿಕೆಟ್ ಮಾಡಿಸುವಾಗಲೇ ಸೈಕಲ್‌ಗೂ ಜಾಗ ಹಿಡಿಯಲು ಮಗಳಿಗೆ ಹೇಳಿ. ಹೈಸ್ಪೀಡ್ ರೈಲಿನಲ್ಲಿ ಬಿಚ್ಚಿ ಚೀಲಕ್ಕೆ ಹಾಕದೆ ಬಿಡುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಮೊದಲ ದಿನ ಅಲಾರ್‌ನಿಂದ ಫ್ರೋಮಿಸ್ತಾಗೆ, ಸುಮಾರು 60 ಕಿ.ಮೀ. ದಾರಿ ಪೂರಾ ಮಣ್ಣು, ಜಲ್ಲಿ. ಆದರೂ ನೀರು ಹರಿಯುವ ದಿಕ್ಕಿಗೇ ಹೋಗುತ್ತೀರಿ. ಹಾಗಾಗಿ ಏದುಸಿರು ಬರುವುದಿಲ್ಲ. ಫ್ರೋಮಿಸ್ತಾ ಮುಟ್ಟುವ ಮೊದಲೇ ನೀರಿನ ಭೋರ್ಗರೆತ ಕೇಳಿಸುತ್ತದೆ. ಅಲ್ಲಿ ಸೈಕಲ್ ನಿಲ್ಲಿಸಲೇಬೇಕು. ನಾಲ್ಕು ಲಾಕ್‌ಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದಿವೆ. ಒಟ್ಟು 14 ಮೀಟರ್ ಇಳಿತ. ಹತ್ತಿರ ಹೋಗಿ ಬಗ್ಗಿ ನೋಡಿ. ತೊಟ್ಟಿಗಳು ಚೌಕವಾಗಿಲ್ಲ, ಮೊಟ್ಟೆಯ ಆಕಾರದಲ್ಲಿವೆ. ಪಕ್ಕದ ಮಣ್ಣು ಒತ್ತಿದಷ್ಟೂ ಬಾಗಿದ ಕಲ್ಲುಗೋಡೆ ಬಿಗಿಯಾಗುತ್ತದೆ, ಕಮಾನಿನಲ್ಲಿ ಆಗುವ ಹಾಗೆ. ಮುಂದೆ ಕಟ್ಟಿದ ಲಾಕ್‌ಗಳು ಉದ್ದ ಚೌಕವಾಗಿವೆ. ದೋಣಿಗಳಿಲ್ಲದ ಕಾರಣ ಈಗ ನೀರು ತೊಟ್ಟಿಯಿಂದ ತೊಟ್ಟಿಗೆ ಧುಮುಕುತ್ತಾ ಇಳಿಯುತ್ತದೆ. ತುಂತುರು ಮುಖಕ್ಕೆ ಬಡಿಯುತ್ತದೆ. ದಿನವಿಡೀ ಧೂಳು ಕುಡಿದ ಮೇಲೆ ಆ ಹನಿ ಬಹಳ ಹಿತ.

ಫ್ರೋಮಿಸ್ತಾದಲ್ಲಿ ಎರಡು ರಾತ್ರಿ ಉಳಿಯಿರಿ. ಅಲ್ಲಿನ ಸಾನ್ ಮಾರ್ತಿನ್ ಚರ್ಚು 11ನೇ ಶತಮಾನದ್ದು, ಚಿಕ್ಕದು, ಅಚ್ಚುಕಟ್ಟಾದದ್ದು. ಛಾವಣಿಯ ಅಂಚಿನ ಕೆಳಗೆ ಸುತ್ತಲೂ 300ಕ್ಕೂ ಜಾಸ್ತಿ ಸಣ್ಣ ಕೆತ್ತನೆಗಳಿವೆ. ಪ್ರಾಣಿಗಳು, ಮನುಷ್ಯರ ಮುಖಗಳು, ಲಾಗ ಹಾಕುವವರು. ಐಹೊಳೆಯ ಕಂಬಗಳ ಮುಂದೆ ನಿಂತು ಕತ್ತು ನೋಯಿಸಿಕೊಂಡವರಿಗೆ ಇಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸುಮಾರು 120 ವರ್ಷಗಳ ಹಿಂದೆ ಚರ್ಚನ್ನು ದುರಸ್ತಿ ಮಾಡಿದಾಗ ಕೆಲವು ಕೆತ್ತನೆಗಳನ್ನು ಹೊಸದಾಗಿ ಮಾಡಿಟ್ಟರು. ಮಾರನೇ ದಿನ ಸಾಮಾನು ಕೋಣೆಯಲ್ಲೇ ಬಿಟ್ಟು, ಬರೀ ಸೈಕಲ್ ಮೇಲೆ ವಿಯಾಲ್ಕಾಸಾರ್ ದೆ ಸಿರ್ಗಾಗೆ ಹೋಗಿ ಬನ್ನಿ. ಹೋಗಲು ಸುಮಾರು 14 ಕಿ.ಮೀ., ಸಮತಟ್ಟು. ಯಾತ್ರಿಕರ ದಾರಿ ಇದೇ. ಅದರ ರುಚಿ ನೋಡಲು ಇಷ್ಟು ಸಾಕು. ಪಕ್ಕದಲ್ಲೇ ವಾಹನ ಕಡಿಮೆ ಇರುವ ರಸ್ತೆಯಿದೆ, ಜನ ಜಾಸ್ತಿ ಇದ್ದರೆ ಅದನ್ನು ಹಿಡಿಯಿರಿ. ಆ ಊರು ಅಂಗೈಯಷ್ಟು, ಚರ್ಚು ಮಾತ್ರ ಕೋಟೆಯಷ್ಟು.

ಮೂರನೇ ದಿನ ಬೆಸೆರಿಲ್‌ಗೆ, ನಾಲ್ಕನೇ ದಿನ ಮೆದಿನಾ ದೆ ರಿಯೋಸೆಕೋಗೆ. ಫ್ರೋಮಿಸ್ತಾ ಬಿಟ್ಟು ಸ್ವಲ್ಪ ದೂರದಲ್ಲಿ ಕಾಲುವೆ ಕರಿಯೋನ್ ಹೊಳೆಯನ್ನು ಅಡ್ಡ ದಾಟುತ್ತದೆ. ಆಮೇಲೆ ಎಲ್ ಸೆರ್ರೋನ್ ಎಂಬಲ್ಲಿ ಎರಡು ಕವಲು. ಎಡಗಡೆಯದು ನೇರ ವಯಾದೊಲಿದ್‌ಗೆ ಹೋಗುತ್ತದೆ. ನೀವು ಬಲಗಡೆಯದನ್ನು ಹಿಡಿಯಿರಿ, ಹಳ್ಳಿಗಳಿರುವುದು ಆ ಕಡೆ. ವಿಯಾಉಂಬ್ರಾಲೆಸ್‌ನಲ್ಲಿ ಕಾಲುವೆಯದೇ ಒಂದು ಮ್ಯೂಸಿಯಂ ಇದೆ, ತಪ್ಪಿಸಬೇಡಿ. ಬೆಸೆರಿಲ್‌ನಲ್ಲಿ ಬಿದ್ದುಹೋಗಿದ್ದ ಚರ್ಚೊಂದನ್ನು ಎತ್ತಿ ಕಟ್ಟಿ, ಒಳಗೆ ಸೂರ್ಯನ ಬೆಳಕು ನೆಲದ ಗೆರೆಯ ಮೇಲೆ ಬಿದ್ದು ಹೊತ್ತು ತೋರಿಸುವ ಹಾಗೆ ಮಾಡಿದ್ದಾರೆ. ನಾಲ್ಕನೇ ದಿನದ್ದು ಉದ್ದದ ದಾರಿ, ಹಳ್ಳಿಗಳು ದೂರ ದೂರ. ಅವತ್ತು ಬೆಳಗ್ಗೆ ಬೇಗ ಹೊರಡಿ.

ಹೊತ್ತಿನ ಲೆಕ್ಕ ಹೇಳಿಬಿಡುತ್ತೇನೆ, ಈ ಬಯಲಿನಲ್ಲಿ ಕಿಲೋಮೀಟರಿಗಿಂತ ಅದೇ ಮುಖ್ಯ. ಸ್ಪೇನಿನ ಗಡಿಯಾರ ಸೂರ್ಯನಿಗಿಂತ ಬಹಳ ಮುಂದಿದೆ. ಮೇ ತಿಂಗಳಲ್ಲಿ ಆ ಕಡೆ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಎರಡು ದಾಟಿದ ಮೇಲೆ. ಮುಳುಗುವುದು ರಾತ್ರಿ ಒಂಬತ್ತೂವರೆ ಹೊತ್ತಿಗೆ. ಬಿಸಿಲು ಜೋರಾಗುವುದು ನಾಲ್ಕರಿಂದ ಆರರವರೆಗೆ. ಗಾಳಿಯೂ ಮಧ್ಯಾಹ್ನದ ಮೇಲೇ ಏಳುತ್ತದೆ. ನಮ್ಮ ರೂಢಿಯಂತೆ ಮಧ್ಯಾಹ್ನ ಊಟ ಮಾಡಿ ಮೂರು ಗಂಟೆಗೆ ಮತ್ತೆ ಹೊರಟರೆ ಬಿಸಿಲು, ಎದುರುಗಾಳಿ ಎರಡೂ ಒಟ್ಟಿಗೆ ಸಿಗುತ್ತವೆ. ಬೆಳಗ್ಗೆ ಏಳಕ್ಕೆ ಹೊರಡಿ, ಒಂದು ಗಂಟೆಯೊಳಗೆ ಆ ದಿನದ ಊರು ಸೇರಿ. ಊಟ ಮಾಡಿ ಮಲಗಿ. ಸಂಜೆ ಏಳಕ್ಕೆ ಎದ್ದು ಚೌಕಕ್ಕೆ ಬನ್ನಿ. ಊರಿನ ಜನ ಹೊರಗೆ ಬರುವುದೇ ಆಗ. ನಮ್ಮಲ್ಲಿ ಅರಳಿಕಟ್ಟೆಗೆ ಬಂದು ಕೂರುವ ಹಾಗೆ ಅಜ್ಜ ಅಜ್ಜಿಯರು ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ನೀವೂ ಹೋಗಿ ಕೂತು ಬ್ವೆನಾಸ್ ತಾರ್ದೆಸ್ ಎನ್ನಿ. ಭಾಷೆ ಬರದಿದ್ದರೂ ಎಲ್ಲಿಂದ ಎಲ್ಲಿಗೆ ಎಂಬ ಮಾತು ಶುರುವಾಗಿಯೇ ಆಗುತ್ತದೆ. ಎಷ್ಟೋ ಊರಿನಲ್ಲಿ ಹುಡುಗರೆಲ್ಲ ಪಟ್ಟಣ ಸೇರಿದ್ದಾರೆ, ಶಾಲೆ ಮುಚ್ಚಿದೆ. ಹೊಸಬರು ಬಂದು ಕೂತರೆ ಅವರಿಗೆ ನಿಜಕ್ಕೂ ಖುಷಿ.

ಮೇ ಎಂದು ಬಿಸಿಲನ್ನೇ ನೆನೆದು ಹೋಗಬೇಡಿ. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಎಂದು ಆ ಸೀಮೆಯವರೇ ಹೇಳುತ್ತಾರೆ. ಮೇ ಬೆಳಗಿನಲ್ಲಿ ಕೈಬೆರಳು ಮರಗಟ್ಟುವಷ್ಟು ಚಳಿ ಇರಬಹುದು. ಬೆಚ್ಚನೆಯ ಕೈಗವಸು, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಹಾಗಿದ್ದರೂ ನೀವು ಆರಿಸಿದ ತಿಂಗಳು ಒಳ್ಳೆಯದು. ಗೋಧಿ ಹಸಿರಾಗಿರುತ್ತದೆ, ಅಂಚಿನಲ್ಲಿ ಕೆಂಪು ಗಸಗಸೆ ಹೂವು. ಜುಲೈ, ಆಗಸ್ಟ್ ಮಾತ್ರ ಬೇಡವೇ ಬೇಡ.

ಊಟದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ವೆಹೆತರಿಯಾನೋ ಎಂದು ಹೇಳಿದರೆ ಸಾಲದು. ಮಾಂಸದ ತುಂಡು ಕಾಣದಿದ್ದರೆ ಅದು ಸಸ್ಯಾಹಾರ ಎಂದು ಹಳ್ಳಿ ಕಡೆ ತಿಳಿಯುವವರಿದ್ದಾರೆ. ಬೇಳೆ ಸಾರಿನಲ್ಲಿ ಹಂದಿಮಾಂಸದ ಸಾಸೇಜ್ ಇರುತ್ತದೆ. ಬೆಳ್ಳುಳ್ಳಿ ಸಾರಿನಲ್ಲಿ ಹ್ಯಾಮ್ ಇರುತ್ತದೆ. ಸಲಾಡ್ ಮೇಲೆ ಮೀನು ಉದುರಿಸಿ ತರುತ್ತಾರೆ. ಹಾಗಾಗಿ ಒಂದೊಂದನ್ನೂ ಹೆಸರಿಸಿ: ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಆತೂನ್. ಮಾಂಸ, ಹ್ಯಾಮ್, ಟ್ಯೂನಾ ಮೀನು ಬೇಡ ಎಂದರ್ಥ. ಮೊಟ್ಟೆ ತಿನ್ನುತ್ತೀರಲ್ಲ, ನಿಮ್ಮ ಕೆಲಸ ಹಗುರ. ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ಟಿಗೆ ಅಲ್ಲಿ ತೋರ್ತಿಯಾ ಎನ್ನುತ್ತಾರೆ. ಬಹುತೇಕ ಎಲ್ಲ ಬಾರ್‌ಗಳಲ್ಲೂ ಸಿಗುತ್ತದೆ. ಅಲ್ಲಿ ಬಾರ್ ಎಂದರೆ ಬರೀ ಕುಡಿಯುವ ಜಾಗ ಅಲ್ಲ. ಬೆಳಗಿನ ಕಾಫಿ, ಬ್ರೆಡ್ಡು, ಊಟ, ಊರ ಸುದ್ದಿ ಎಲ್ಲವೂ ಅಲ್ಲೇ. ನಿಮ್ಮಾಕೆ ಧೈರ್ಯವಾಗಿ ಒಳಗೆ ಹೋಗಬಹುದು.

ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿಯದು ಒಂಬತ್ತಕ್ಕೆ. ಅಂಗಡಿಗಳು ಎರಡರಿಂದ ಐದರವರೆಗೆ ಬಾಗಿಲು ಹಾಕುತ್ತವೆ, ಭಾನುವಾರ ತೆಗೆಯುವುದೇ ಇಲ್ಲ. ಶನಿವಾರವೇ ಬ್ರೆಡ್ಡು, ಚೀಸ್, ಹಣ್ಣು, ಮೊಸರು ಕೊಂಡಿಟ್ಟುಕೊಳ್ಳಿ. ಅಂಗಡಿಯೇ ಇಲ್ಲದ ಹಳ್ಳಿಗೆ ಬೆಳಗ್ಗೆ ಬ್ರೆಡ್ಡಿನ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಹಾರ್ನ್ ಕೇಳಿದ ಕೂಡಲೇ ಹೊರಗೆ ಓಡಿ. ಊರಿಂದ ಶೇಂಗಾ ಚಟ್ನಿಪುಡಿ ಒಯ್ಯಿರಿ, ಆ ಗಟ್ಟಿ ಬ್ರೆಡ್ಡಿಗೆ ಮೊಸರಿನ ಜೊತೆ ಚೆನ್ನಾಗಿ ಹೊಂದುತ್ತದೆ. ಆದರೆ ಮಗಳಿಗೆಂದು ಪೇಡಾ, ತುಪ್ಪ ಕಟ್ಟಿಕೊಳ್ಳಬೇಡಿ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ.

ನೀರು: ಪ್ರತಿ ಊರಿನ ಚೌಕದಲ್ಲೂ ನಲ್ಲಿಯೋ ಬುಗ್ಗೆಯೋ ಇರುತ್ತದೆ. ನೋ ಪೊತಾಬ್ಲೆ ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ. ತಲಾ ಮೂರು ಲೀಟರ್ ಹಿಡಿಸುವ ವ್ಯವಸ್ಥೆ ಇರಲಿ. ಕಾಲುವೆ ಪಕ್ಕದಲ್ಲೇ ಇದೆ ಎಂದು ಬಾಟಲಿ ಖಾಲಿ ಬಿಡಬೇಡಿ. ಆ ನೀರು ಕುಡಿಯುವಂಥದ್ದಲ್ಲ.

ಈಗ ಟೈರ್. ನನ್ನ ಎರಡನೇ ಪ್ರವಾಸ ಸೆಪ್ಟೆಂಬರಿನಲ್ಲಿ. ಕೊಯ್ದ ಹೊಲದ ನಡುವೆ ಒಂದು ಪಾರಿವಾಳದ ಮನೆ ಕಂಡಿತು. ಆ ಸೀಮೆಯ ಗುರುತೇ ಅದು. ಮಣ್ಣಿನ ದುಂಡು ಕಟ್ಟಡ, ಮೇಲೆ ಹೆಂಚು, ಒಳಗೋಡೆಯ ತುಂಬಾ ನೂರಾರು ಗೂಡು. ಹಿಂದೆ ಮಾಂಸಕ್ಕೂ ಗೊಬ್ಬರಕ್ಕೂ ಪಾರಿವಾಳ ಸಾಕುತ್ತಿದ್ದರು. ನೋಡೋಣ ಎಂದು ಹೊಲದ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋದೆ. ವಾಪಸ್ ಬರುವಷ್ಟರಲ್ಲಿ ಎರಡೂ ಚಕ್ರ ಚಪ್ಪಟೆ. ಟೈರಿನಿಂದ ಮುಳ್ಳು ಕಿತ್ತು ಅಂಗೈಯಲ್ಲಿಟ್ಟು ನೋಡಿದೆ. ನೆಗ್ಗಿಲು! ನಮ್ಮ ಹೊಲಗಳಲ್ಲಿ ಬರಿಗಾಲಿಗೆ ಚುಚ್ಚುವ ಅದೇ ನೆಗ್ಗಿಲು ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಅಲ್ಲಿನವರು ಅಬ್ರೋಹೋ ಎನ್ನುತ್ತಾರೆ. ಬೇಸಿಗೆ ಮುಗಿಯುವ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ, ಮೇನಲ್ಲಿ ಕಾಟ ಕಡಿಮೆ. ಆದರೂ 40 ಮಿ.ಮೀ. ಅಗಲದ ಗಟ್ಟಿ ಟೈರ್ ಹಾಕಿಸಿ, ಟ್ಯೂಬಿನೊಳಗೆ ಪಂಕ್ಚರ್ ತಡೆಯುವ ದ್ರವ ತುಂಬಿಸಿ. ತಲಾ ಎರಡು ಹೆಚ್ಚುವರಿ ಟ್ಯೂಬ್ ಇರಲಿ. ಬೆಸೆರಿಲ್‌ನಿಂದ ಮೆದಿನಾವರೆಗೆ ಸೈಕಲ್ ಅಂಗಡಿಯನ್ನು ನಂಬಬೇಡಿ.

ಮಳೆ ಬಂದರೆ ಮಣ್ಣುದಾರಿ ಬಿಟ್ಟುಬಿಡಿ. ಎರೆ ಹೊಲದಲ್ಲಿ ಮಳೆಗೆ ಸಿಕ್ಕಿಬಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ಅಲ್ಲಿನ ಜೇಡಿಯೂ ಹಾಗೇ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಆವತ್ತು ಹಳ್ಳಿಯಿಂದ ಹಳ್ಳಿಗೆ ಹೋಗುವ ಡಾಂಬರು ರಸ್ತೆ ಹಿಡಿಯಿರಿ. ಅವು ಖಾಲಿ ಇರುತ್ತವೆ. ಹಿಂದಿನಿಂದ ಬರುವ ವಾಹನ ಸೈಕಲ್ಲಿಗೂ ತನಗೂ ನಡುವೆ ಕನಿಷ್ಠ ಒಂದೂವರೆ ಮೀಟರ್ ಬಿಟ್ಟು ದಾಟಬೇಕು ಎಂಬುದು ಕಾನೂನು, ಅದನ್ನು ಪಾಲಿಸುತ್ತಾರೆ ಕೂಡ. ಇದನ್ನು ನಿಮ್ಮಾಕೆಗೆ ಓದಿ ಹೇಳಿ. ಊರಾಚೆಯ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ.

ವೀಸಾ ಬಗ್ಗೆ ಎರಡೇ ಮಾತು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯಿರುವ ಪ್ರಯಾಣ ವಿಮೆ ಬೇಕು. ಸೈಕಲ್ ಪ್ರವಾಸಕ್ಕೂ ಅದು ಅನ್ವಯವಾಗುತ್ತದಾ ಎಂದು ಕೇಳಿಯೇ ಕೊಳ್ಳಿ. ಸೈಕಲ್ ಇಲ್ಲಿಂದ ಒಯ್ಯುವುದಕ್ಕಿಂತ ಅಲ್ಲಿ ಬಾಡಿಗೆಗೆ ಪಡೆಯುವುದು ನಿಮಗೆ ಸುಲಭ. ನಿಮ್ಮ ಸೀಟು ಮಾತ್ರ ಬಿಚ್ಚಿಕೊಂಡು ಹೋಗಿ.

ಮೆಸೆತಾದ ದಕ್ಷಿಣ ಭಾಗದಲ್ಲಿರುವ ಗಾಳಿಗಿರಣಿಗಳ ಸೀಮೆ ಲಾ ಮಾಂಚಾ ಯಾಕೆ ಬೇಡ ಎಂದು ಕೇಳಬಹುದು. 1605ರ ಡಾನ್ ಕ್ವಿಕ್ಸೋಟ್ ಕಾದಂಬರಿಗೆ 400 ವರ್ಷ ತುಂಬಿದಾಗ ಅದರ ಹೆಸರಿನಲ್ಲಿ ಅಲ್ಲಿ ಉದ್ದದ ದಾರಿಯೊಂದನ್ನು ಗುರುತು ಮಾಡಿದರು. ಕೊನ್ಸುವೆಗ್ರಾದ ಗುಡ್ಡದ ಮೇಲೆ 12 ಗಿರಣಿ, ಕ್ರಿಪ್ತಾನಾದಲ್ಲಿ 10. ನೋಡಲು ಚೆಂದವೇ. ಆದರೆ ನೆರಳಿಲ್ಲ, ಊರುಗಳು ದೂರ, ಗುರುತುಗಳು ಅಲ್ಲಲ್ಲಿ ಅಳಿಸಿವೆ. ಇನ್ನೊಮ್ಮೆ ಅಕ್ಟೋಬರ್ ಕೊನೆಗೆ ಬಂದರೆ ಅಲ್ಲಿಗೆ ಹೋಗಿ. ಆಗ ಕೇಸರಿ ಹೂವಿನ ಕಾಲ. ಬಿಸಿಲೇರುವ ಮೊದಲೇ ನೇರಳೆ ಹೂ ಬಿಡಿಸಿ ತಂದು, ಮೇಜಿನ ಸುತ್ತ ಕೂತು ಕೆಂಪು ಎಳೆಗಳನ್ನು ಬೇರೆ ಮಾಡುತ್ತಾರೆ.

ಮತ್ತೆ ನಿಮ್ಮ ದಾರಿಗೆ ಬರೋಣ. ಮೆದಿನಾ ದೆ ರಿಯೋಸೆಕೋದಲ್ಲಿ ಕಾಲುವೆ ಮುಗಿಯುತ್ತದೆ. ದೋಣಿ ನಿಲ್ಲುತ್ತಿದ್ದ ಕಟ್ಟೆ, ಪಕ್ಕದಲ್ಲಿ ಹಳೇ ಹಿಟ್ಟಿನ ಗಿರಣಿ ಈಗಲೂ ಇವೆ. ಮುಖ್ಯ ಬೀದಿಯ ಎರಡೂ ಬದಿಗೆ ಕಂಬದ ಮೇಲೆ ಮನೆಗಳು ಮುಂದಕ್ಕೆ ಚಾಚಿವೆ, ಕೆಳಗೆ ನೆರಳಿನ ಓಣಿ. ಅಲ್ಲಿ ಒಂದು ದಿನ ಸುಮ್ನೆ ಇದ್ದುಬಿಡಿ. ಗುರುವಾರ ಅಲ್ಲಿಗೆ ಮುಟ್ಟುವ ಹಾಗೆ ಲೆಕ್ಕ ಹಾಕಿದರೆ ಮಗಳು ಶುಕ್ರವಾರ ವಯಾದೊಲಿದ್‌ನಿಂದ ಬಸ್ಸಿನಲ್ಲಿ ಬಂದು ಸೇರಿಕೊಳ್ಳಬಹುದು. ಅವಳಿಗೂ ಒಂದು ಸೈಕಲ್ ಬಾಡಿಗೆಗೆ ಹಿಡಿದಿಡಿ.

ಮೆದಿನಾದಿಂದ ಉರುವೆನ್ಯಾಗೆ ಅರ್ಧ ದಿನ ಸಾಕು. ಸುಮಾರು 200 ಜನರ ಊರು, ಸುತ್ತಲೂ ಮಧ್ಯಯುಗದ ಕೋಟೆಗೋಡೆ. 2007ರಿಂದ ಅದು ಪುಸ್ತಕಗಳ ಊರು. ಅಷ್ಟು ಸಣ್ಣ ಊರಿನಲ್ಲಿ ಓಣಿಗೊಂದು ಪುಸ್ತಕದಂಗಡಿ. ಊರು ದಿಬ್ಬದ ಅಂಚಿನಲ್ಲಿದೆ. ಕೊನೆಯ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗಿ, ಇಡೀ ಪ್ರವಾಸದಲ್ಲಿ ಗಟ್ಟಿ ಏರು ಎಂದರೆ ಅದೊಂದೇ. ರಾತ್ರಿ ಅಲ್ಲೇ ಉಳಿಯಬೇಕು. ಕೋಣೆಗಳು ಕಡಿಮೆ, ಶನಿವಾರಕ್ಕೆ ಈಗಲೇ ಹೇಳಿಡಿ. ಸಂಜೆ ಕಾರಿನಲ್ಲಿ ಬಂದವರೆಲ್ಲ ವಾಪಸ್ ಹೋದ ಮೇಲೆ ಗೋಡೆಯ ಮೇಲೆ ಹತ್ತಿ. ನೀವು ದಿನಗಟ್ಟಲೆ ತುಳಿದು ಬಂದ ಬಯಲು ಕೆಳಗೆ ಚಾಪೆಯಂತೆ ಹಾಸಿರುತ್ತದೆ. ಗೋಧಿ ಮೇಲೆ ಗಾಳಿ ಓಡುವುದು ಅಲ್ಲಿಂದ ಕಾಣುತ್ತದೆ.

ಭಾನುವಾರ ವಾಂಬಾ ಊರಿನ ಮೇಲೆ ವಯಾದೊಲಿದ್‌ಗೆ ಇಳಿಯಿರಿ, ಸುಮಾರು 50 ಕಿ.ಮೀ. ಪಟ್ಟಣ ಹತ್ತಿರವಾದಂತೆ ವಾಹನ ಜಾಸ್ತಿ. ಆದರೆ ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿ ಊಟಕ್ಕೆ ಕೂತಿರುತ್ತಾರೆ. ಎರಡರಿಂದ ನಾಲ್ಕರ ನಡುವೆ ಊರೊಳಗೆ ಬನ್ನಿ, ರಸ್ತೆ ಖಾಲಿ ಇರುತ್ತದೆ. ಬಿಸಿಲಿನಲ್ಲಿ ತುಳಿಯಬೇಡಿ ಎಂದು ಹೇಳಿದವನು ನಾನೇ, ಆದರೆ ಆ ಕೊನೆಯ ಹತ್ತು ಕಿ.ಮೀ.ಗೆ ಮಾತ್ರ ಬಿಸಿಲೇ ಮೇಲು.